ಲ್ಯಾಕರ್‌ನಿಂದಲೇ ಗುಣವಾದ ಹೆಬ್ಬೆರಳ ಉಗುರು: ನನ್ನ ಅನುಭವ

ಉಗುರಿನ ಫಂಗಸ್‌ಗೆ ಲ್ಯಾಕರ್ (ಉಗುರಿಗೆ ಬಣ್ಣದಂತೆ ಬಳಿಯುವ ಔಷಧ) ಹಚ್ಚಿ ಪ್ರಯೋಜನವಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಬರೀ ಹಚ್ಚಿದವರು, ಉಗುರನ್ನು ಉಜ್ಜಿ ತೆಳುವಾಗಿಸಿದವರಲ್ಲ. ನನ್ನ ಬಲಗಾಲಿನ ಹೆಬ್ಬೆರಳ ಉಗುರು ಸುಮಾರು ಒಂದೂವರೆ ವರ್ಷದ ಬಳಿಕ ಬುಡದಿಂದ ತುದಿಯವರೆಗೆ ತಿಳಿಯಾಗಿದೆ. ಲ್ಯಾಕರ್ ನಿಲ್ಲಿಸಿ ಕೆಲವು ವಾರ ಕಳೆದ ಮೇಲೆ ಮಾಡಿಸಿದ ಪರೀಕ್ಷೆಯಲ್ಲೂ ಶಿಲೀಂಧ್ರ ಕಾಣಲಿಲ್ಲ. ಮಾತ್ರೆ ನುಂಗಲಿಲ್ಲ, ಲೇಸರ್ ಮಾಡಿಸಲಿಲ್ಲ. ಇದು ಆಗುವ ಮಾತಲ್ಲ ಎಂದವರಲ್ಲಿ ಔಷಧಿ ಅಂಗಡಿಯವರು, ಮನೆಯವರು, ಎರಡು ಬಾಟಲಿ ಮುಗಿಸಿ ಕೈಚೆಲ್ಲಿದ ಗೆಳೆಯರು ಎಲ್ಲರೂ ಇದ್ದರು.

ಅವರ ಅನುಮಾನ ನಿರಾಧಾರವೇನೂ ಆಗಿರಲಿಲ್ಲ. ಶೇಕಡ 8ರ ಸಿಕ್ಲೋಪಿರಾಕ್ಸ್ ಲ್ಯಾಕರ್‌ಗೆ ಅನುಮತಿ ಕೊಡುವ ಮುನ್ನ ನಡೆದ ಪರೀಕ್ಷೆಗಳಲ್ಲಿ, 48 ವಾರಗಳ ಬಳಿಕ ಉಗುರು ಪೂರ್ತಿ ಶುದ್ಧವಾದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ವೈದ್ಯರು ನನಗೆ ಮೊದಲು ಹೇಳಿದ್ದು ಶಿಲೀಂಧ್ರದ ಮಾತ್ರೆ ಟರ್ಬಿನಾಫಿನ್ 250 ಮಿಲಿಗ್ರಾಂ, 12 ವಾರ. ನಾನು ದಿನವೂ ಬೇರೆ ಮಾತ್ರೆಗಳನ್ನು ತೆಗೆದುಕೊಳ್ಳುತ್ತೇನೆ, ಯಕೃತ್ತಿನ ಮೇಲೆ ಇನ್ನೊಂದು ಹೊರೆ ಬೇಡವೆಂದೆ. ಸೋಂಕು ಉಗುರಿನ ಮುಂದಿನ ಅರ್ಧದಲ್ಲೇ ಇತ್ತು, ಬುಡದ ಬಿಳಿ ಅರ್ಧಚಂದ್ರ ಸ್ವಚ್ಛವಾಗಿತ್ತು. ಹಾಗಾಗಿ ಅವರೂ ಒಪ್ಪಿದರು. ಬುಡಕ್ಕೆ ಇಳಿದಿದ್ದರೆ ಅಥವಾ ನಾಲ್ಕಾರು ಉಗುರುಗಳಿಗೆ ಹರಡಿದ್ದರೆ ನಾನೂ ಮಾತ್ರೆಯನ್ನೇ ನುಂಗುತ್ತಿದ್ದೆ. ಸಕ್ಕರೆ ಕಾಯಿಲೆ ಇರುವವರು, ಪಾದಕ್ಕೆ ರಕ್ತ ಸರಿಯಾಗಿ ಹರಿಯದವರು ಮನೆಯಲ್ಲಿ ಉಗುರು ಉಜ್ಜುವ ಫೈಲ್ ಹಿಡಿಯುವ ಸಾಹಸಕ್ಕೆ ಇಳಿಯಲೇಬಾರದು. ಅವರಿಗೆ ಒಂದು ಸಣ್ಣ ಗೀರು ಸಾಕು, ದೊಡ್ಡ ಹುಣ್ಣಾಗುತ್ತದೆ.

ಹಣದ ಲೆಕ್ಕ ಹೇಳಿಬಿಡುತ್ತೇನೆ. ಮೊದಲು ಹೋದದ್ದು ಕ್ರೀಮುಗಳಿಗೆ. ಉಗುರಿನ ಮೇಲೆ ಕ್ರೀಮ್ ಏನನ್ನೂ ಮಾಡದು, ಒಳಗೆ ಇಳಿಯುವುದೇ ಇಲ್ಲ. ಆಮೇಲೆ ಸಿಕ್ಲೋಪಿರಾಕ್ಸ್: ದಿನಾ ಹಚ್ಚಬೇಕು, ವಾರಕ್ಕೊಮ್ಮೆ ಸ್ಪಿರಿಟ್‌ನಿಂದ ಒರೆಸಿ ತೆಗೆಯಬೇಕು. ಎರಡು ಬಾಟಲಿ ಖಾಲಿಯಾಯಿತು, ಸೋಂಕಿನ ಹಳದಿ ಗೆರೆ ಕದಲಲಿಲ್ಲ. ಕೊನೆಗೆ ಶೇಕಡ 5ರ ಅಮೊರಾಲ್ಫಿನ್ ಲ್ಯಾಕರ್. ಬೆಲೆ ಹೆಚ್ಚು, ಆದರೆ ವಾರಕ್ಕೆ ಒಂದೆರಡು ಸಲ ಸಾಕು. ಒಟ್ಟು ಖರ್ಚು ಅದರಲ್ಲೇ ಕಡಿಮೆ. ಒಂದೇ ಉಗುರಿಗಾದರೆ ಪುಟ್ಟ ಬಾಟಲಿಯೂ ತಿಂಗಳುಗಟ್ಟಲೆ ಬರುತ್ತದೆ, ಕತ್ತನ್ನು ಪ್ರತಿ ಸಲ ಒರೆಸಿ ಮುಚ್ಚಳ ಬಿಗಿ ಮಾಡಿದರೆ. ಒರೆಸದಿದ್ದರೆ ಮುಚ್ಚಳ ಅಂಟುತ್ತದೆ, ದ್ರಾವಣ ಗಟ್ಟಿಯಾಗುತ್ತದೆ, ಅರ್ಧ ಬಾಟಲಿ ಕಸಕ್ಕೆ. ಲೇಸರ್‌ಗೆ ಒಂದು ಕಡೆ ಹೇಳಿದ ಮೊತ್ತದಲ್ಲಿ ನಾಲ್ಕೈದು ವರ್ಷಕ್ಕಾಗುವಷ್ಟು ಲ್ಯಾಕರ್ ಕೊಳ್ಳಬಹುದಿತ್ತು.

ಅಮೊರಾಲ್ಫಿನ್‌ನಿಂದಲೂ ಮೊದಲ ಎರಡು ಮೂರು ತಿಂಗಳು ಏನೂ ಆಗಲಿಲ್ಲ. ತಡೆಯುತ್ತಿದ್ದುದು ನಿಜವಾಗಿ ಟೊಳ್ಳು ಜಾಗ. ತುದಿಯ ಕಡೆ ಉಗುರು ಮಾಂಸದಿಂದ ಬಿಟ್ಟುಕೊಂಡು ಎದ್ದಿತ್ತು, ಅದರಡಿ ಪುಡಿಪುಡಿಯಾದ ಹಳದಿ ಹೊಟ್ಟು ತುಂಬಿತ್ತು. ಹಾಗೆ ಎದ್ದ ಉಗುರಿನ ಮೇಲೆ ಎಷ್ಟು ಲ್ಯಾಕರ್ ಬಳಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ; ನಡುವೆ ಗಾಳಿ ಇರುವಾಗ ಔಷಧ ಉಗುರಿನ ಕೆಳಗಿನ ಮಾಂಸವನ್ನು ಮುಟ್ಟುವುದಾದರೂ ಹೇಗೆ? ಆ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದೆ. ನೋಡಲು ಚೆನ್ನಾಗಿರಲಿಲ್ಲ, ತಿಂಗಳುಗಟ್ಟಲೆ ಉಗುರು ಅರ್ಧವೇ ಇತ್ತು. ಆದರೆ ಫಲಿತಾಂಶ ಶುರುವಾದದ್ದು ಅಲ್ಲಿಂದಲೇ.

ಕತ್ತರಿಸುವ ಮುನ್ನ ಶೇಕಡ 40ರ ಯೂರಿಯಾ ಮುಲಾಮು ಹಚ್ಚಿ ರಾತ್ರಿ ಪಟ್ಟಿ ಸುತ್ತುತ್ತಿದ್ದೆ. ಸುತ್ತಲಿನ ಚರ್ಮಕ್ಕೆ ಮೊದಲೇ ವ್ಯಾಸಲೀನ್ ಸವರಿರಬೇಕು, ಇಲ್ಲವಾದರೆ ಚರ್ಮವೂ ಬೆಳ್ಳಗೆ ನೆನೆದು ಸುಲಿಯುತ್ತದೆ. ಕೆಲವು ರಾತ್ರಿ ಕಳೆಯುವಷ್ಟರಲ್ಲಿ ಕಲ್ಲಿನಂತಿದ್ದ ಉಗುರು ಬೆಳಿಗ್ಗೆ ಬಾಗುತ್ತಿತ್ತು. ಮೂಲೆಗಳಲ್ಲಿ ಒಳಸೇರಿದ ಹೊಟ್ಟನ್ನು ನಾನು ತೆಗೆಯುವ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಕೂರಿಸಿಕೊಂಡು ತೋರಿಸಬೇಕಾದದ್ದು ಅದು. ಓದಿ ಮಾಡಹೊರಟರೆ ಮಾಂಸ ಕೊಯ್ದುಕೊಳ್ಳುವುದು ಖಂಡಿತ.

ಉಳಿದ ಭಾಗವನ್ನು ವಾರಕ್ಕೊಮ್ಮೆ ಫೈಲ್‌ನಿಂದ ತೆಳುವಾಗಿಸುತ್ತಿದ್ದೆ. ಒತ್ತಿದರೆ ಸ್ವಲ್ಪ ಬಾಗಬೇಕು, ಅಷ್ಟು ತೆಳು. ಬಳಿಕ ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ, ಲ್ಯಾಕರ್ ಹಚ್ಚಿ ಐದು ನಿಮಿಷ ಕಾಲು ಚಾಚಿ ಕೂರುವುದು. ಸೋಂಕಿನ ಉಗುರಿಗೆ ಬಳಸಿದ ಫೈಲ್ ಒಳ್ಳೆಯ ಉಗುರಿಗೆ ತಾಗಬಾರದು. ಅಗ್ಗದ ಕಾಗದದ ಫೈಲುಗಳನ್ನು ಕಟ್ಟುಗಟ್ಟಲೆ ತಂದು ಒಂದೊಂದನ್ನು ಬಳಸಿ ಎಸೆದೆ. ಉದುರುವ ಪುಡಿಯಲ್ಲೂ ಶಿಲೀಂಧ್ರ ಇರುತ್ತದೆ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಕೆಲಸವನ್ನು ಯಾರೂ ಮಾಡುವುದನ್ನು ನಾನು ಕಂಡಿಲ್ಲ. ಹಳದಿ ಮುಗಿದು ಒಳ್ಳೆಯ ಉಗುರು ಆರಂಭವಾಗುವ ಗಡಿಯಲ್ಲಿ ಫೈಲಿನ ಅಂಚಿನಿಂದ ಕೂದಲೆಳೆಯಷ್ಟು ಗೀರು ಎಳೆದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಚಿತ್ರ ತೆಗೆದೆ. ಗೀರು ಉಗುರಿನೊಂದಿಗೆ ಮುಂದೆ ಸಾಗುತ್ತದೆ. ಹಳದಿ ಗೀರನ್ನು ದಾಟಿ ಬುಡದ ಕಡೆ ಬಂದರೆ ಔಷಧ ಸೋತಿದೆ. ಗೀರಿನ ಮುಂದೆಯೇ ಉಳಿದರೆ ಗೆಲ್ಲುತ್ತಿದೆ. ಹೆಬ್ಬೆರಳ ಉಗುರು ತಿಂಗಳಿಗೆ ಬೆಳೆಯುವುದೇ ಒಂದೂವರೆ ಮಿಲಿಮೀಟರ್ ಆಸುಪಾಸು, ಬರಿಗಣ್ಣಿಗೆ ಏನೂ ಗೊತ್ತಾಗದು. ಜನ ಮೂರನೆಯ ತಿಂಗಳಿಗೆ ಬಿಟ್ಟುಬಿಡುವುದು ಇದರಿಂದಲೇ. ನನ್ನ ಗೀರು ನಾಲ್ಕು ತಿಂಗಳಲ್ಲಿ ಐದಾರು ಮಿಲಿಮೀಟರ್ ಸರಿದಿತ್ತು, ಹಿಂದೆ ಬಂದದ್ದೆಲ್ಲ ಗುಲಾಬಿ. ಆ ಚಿತ್ರಗಳನ್ನು ನೋಡಿದ ಮೇಲೆ ಮನೆಯವರು ಮಾತಾಡಲಿಲ್ಲ.

ನಡುವೆ ಎಡಗಾಲಿನ ಎರಡನೆಯ ಬೆರಳಿನ ಮೇಲೆ ಬೇರೆ ಪ್ರಯೋಗಗಳನ್ನೂ ನಡೆಸಿದೆ. ಟೀ ಟ್ರೀ ಎಣ್ಣೆ: ಚರ್ಮ ಕೆಂಪಾಯಿತು, ಹಳದಿ ಗೀರನ್ನು ದಾಟಿತು. ವಿನೆಗರ್ ನೀರಿನಲ್ಲಿ ನೆನೆಸುವುದು: ಉಗುರು ಮೆದುವಾಗಿ ಉಜ್ಜಲು ಸುಲಭವಾಯಿತು, ಅಷ್ಟೇ. ಕೊನೆಗೆ ಆ ಉಗುರಿಗೂ ಲ್ಯಾಕರನ್ನೇ ಹಚ್ಚತೊಡಗಿದೆ, ಈಗ ಮುಕ್ಕಾಲು ಭಾಗ ತಿಳಿಯಾಗಿದೆ.

ಬೆರಳ ಸಂದಿಯ ತುರಿಕೆಯನ್ನು ಉಪೇಕ್ಷಿಸಿದರೆ ಇಷ್ಟೆಲ್ಲ ವ್ಯರ್ಥ, ಏಕೆಂದರೆ ಸಾಮಾನ್ಯವಾಗಿ ಎರಡೂ ಒಂದೇ ಶಿಲೀಂಧ್ರದ ಕೆಲಸ. ಸಂದಿಗೆ ಟರ್ಬಿನಾಫಿನ್ ಕ್ರೀಮ್ ಹಚ್ಚಿದೆ. ಕ್ರೀಮ್ ಚರ್ಮದಲ್ಲಿ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಕಾಲುಚೀಲಗಳಿಗೆ 60 ಡಿಗ್ರಿಯ ನೀರು, ಎರಡು ಜೊತೆ ಶೂಗಳನ್ನು ಒಂದು ದಿನ ಬಿಟ್ಟು ಒಂದು ದಿನ.

ಕಿರುಬೆರಳಿನ ಉಗುರೂ ದಪ್ಪವಾಗಿಯೇ ಇತ್ತು. ಅದಕ್ಕೂ ಲ್ಯಾಕರ್ ಸುರಿಯುವ ಮೊದಲು ಪರೀಕ್ಷೆಗೆ ಕೊಟ್ಟೆ. ಹಾಳಾದ ಉಗುರುಗಳಲ್ಲಿ ಫಂಗಸ್‌ನಿಂದ ಆದವು ಸುಮಾರು ಅರ್ಧವಷ್ಟೇ, ಪರೀಕ್ಷೆಯ ಖರ್ಚೂ ಒಂದು ಬಾಟಲಿಗಿಂತ ಕಡಿಮೆ. ಶಿಲೀಂಧ್ರ ಸಿಗಲಿಲ್ಲ, ಶೂ ಉಜ್ಜಿ ಆದದ್ದೆಂದು ವೈದ್ಯರು ಹೇಳಿದರು. ಮುಂಭಾಗ ಅಗಲವಿರುವ ಶೂ ಕೊಂಡಿದ್ದೇನೆ, ಆ ಉಗುರಿನ ಬುಡದಲ್ಲೂ ಒಂದು ಗೀರು ಎಳೆದಿದ್ದೇನೆ.