ಜೀವವಿಮೆಗೆ ಗಂಭೀರ ಕಾಯಿಲೆಯ ರೈಡರ್ ಸೇರಿಸಿಕೊಳ್ಳುವ ಮುನ್ನ

ತೀರ್ಥಹಳ್ಳಿ, ಹೊಸನಗರದ ಕಡೆಯವರು ಹೃದ್ರೋಗಕ್ಕೋ ಕ್ಯಾನ್ಸರಿಗೋ ಘಟ್ಟ ಇಳಿದು ಮಣಿಪಾಲಕ್ಕೆ ಹೋದಾಗ ಆಸ್ಪತ್ರೆಯ ಬಿಲ್ಲನ್ನು ಆರೋಗ್ಯ ವಿಮೆ ಭರಿಸಿದರೂ, ಓಡಾಟ, ವಸತಿ ಮತ್ತು ತೋಟದ ಆಳುಗಳ ಕೂಲಿಯ ಹೊರೆ ಮನೆಯವರ ಮೇಲೆಯೇ ಬೀಳುತ್ತದೆ. ಜೀವವಿಮೆಯ ಜೊತೆ ಪಡೆಯುವ ಗಂಭೀರ ಕಾಯಿಲೆಯ ರೈಡರ್ (ಮೂಲ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ), ಪಟ್ಟಿಯಲ್ಲಿರುವ ರೋಗ ಷರತ್ತಿನಂತೆ ದೃಢಪಟ್ಟರೆ, ಬಿಲ್ ಎಷ್ಟೇ ಇರಲಿ, ಸಾಮಾನ್ಯವಾಗಿ ನಿಗದಿತ ಮೊತ್ತವನ್ನು ಒಟ್ಟಿಗೆ ನೀಡುತ್ತದೆ.

ಈ ಹಣ ಮೂಲ ವಿಮಾ ಮೊತ್ತದಿಂದ ಕಳೆಯುತ್ತದೆಯೇ ಅಥವಾ ಪ್ರತ್ಯೇಕವೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಕಳೆಯುವುದಾದರೆ, ಮುಂದೆ ಕುಟುಂಬಕ್ಕೆ ಉಳಿಯುವುದು ಅಷ್ಟು ಕಡಿಮೆ. ರೋಗಗಳ ಸಂಖ್ಯೆಗಿಂತ ಅವುಗಳ ವ್ಯಾಖ್ಯಾನ ಮುಖ್ಯ: ಕ್ಯಾನ್ಸರಿನ ತೀರಾ ಆರಂಭಿಕ ಹಂತವನ್ನು ಹಲವು ರೈಡರ್‌ಗಳು ಹೊರಗಿಡುತ್ತವೆ. ಸಾಮಾನ್ಯವಾಗಿ ಮೊದಲ 90 ದಿನ ಕಾಯುವ ಅವಧಿಯಿರುತ್ತದೆ, ಆಗ ಪತ್ತೆಯಾದ ರೋಗಕ್ಕೆ ಹಣ ಸಿಗುವುದಿಲ್ಲ; ರೋಗ ಪತ್ತೆಯಾದ ಮೇಲೆ ನಿರ್ದಿಷ್ಟ ದಿನಗಳವರೆಗೆ ಬದುಕಿರಬೇಕೆಂಬ ಷರತ್ತೂ ಅನೇಕ ಕಡೆ ಇರುತ್ತದೆ.

ಅರ್ಜಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆಗಳ ಜೊತೆ ಎಲೆಯಡಿಕೆಗೆ ಸೇರಿಸುವ ಹೊಗೆಸೊಪ್ಪನ್ನೂ ತಿಳಿಸಬೇಕು. ನಮ್ಮಲ್ಲಿ ಅದನ್ನು ಚಟವೆಂದು ಎಣಿಸುವವರು ಕಡಿಮೆ, ಕಂಪನಿ ಎಣಿಸುತ್ತದೆ. ಅಡಿಕೆ ಮಾರಿ ಕೈಗೆ ಹಣ ಬರುವ ಕಾಲಕ್ಕೆ ವಾರ್ಷಿಕ ಕಂತು ಬೀಳುವಂತೆ ಪಾಲಿಸಿ ಆರಂಭಿಸುವುದು ಒಳ್ಳೆಯದು, ಏಕೆಂದರೆ ಕಂತು ತಪ್ಪಿ ಪಾಲಿಸಿ ರದ್ದಾದರೆ ರೈಡರ್ ಕೂಡ ನಿಲ್ಲುತ್ತದೆ. ಷರತ್ತುಗಳು ಒಪ್ಪಿಗೆಯಾಗದಿದ್ದರೆ, ಪಾಲಿಸಿ ದಾಖಲೆ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು.