ಐಸ್ ಹಾಕಿ ತಂಡ ಕಟ್ಟುವುದು ಹೇಗೆ? ಜನರಲ್ ಮ್ಯಾನೇಜರ್ ಕೆಲಸದ ಒಳಗುಟ್ಟು

ಹಾಕಿ ಎಂದರೆ ನಮಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ಅಮೆರಿಕ, ಕೆನಡಾಗಳ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಬಗ್ಗೆ. ಅಲ್ಲಿ 32 ತಂಡಗಳಿವೆ. ಆಟ ಆಡಿಸುವವರು ಕೋಚ್. ಆದರೆ ಅವರ ಕೈಗೆ ಯಾರನ್ನು ಕೊಡಬೇಕು, ಎಷ್ಟು ಸಂಬಳಕ್ಕೆ, ಎಷ್ಟು ವರ್ಷಕ್ಕೆ ಎಂದು ತೀರ್ಮಾನಿಸುವವರು ಜನರಲ್ ಮ್ಯಾನೇಜರ್. ಫ್ಲೋರಿಡಾದ ಟ್ಯಾಂಪಾ ಬೇ ಲೈಟ್ನಿಂಗ್ ತಂಡವನ್ನು ಇಟ್ಟುಕೊಂಡು ನೋಡಿದರೆ ಈ ಕೆಲಸ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ದುಡ್ಡಿನ ಲೆಕ್ಕ. ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ 2004-05ರ ಸೀಸನ್ ಪೂರ್ತಿ ರದ್ದಾಯಿತು. ಆಮೇಲೆ ಬಂದದ್ದೇ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮೊತ್ತದ ಮಿತಿ. ಮೊದಲ ವರ್ಷ ಅದು 3.9 ಕೋಟಿ ಡಾಲರ್ ಇತ್ತು, 2025-26ಕ್ಕೆ 9.55 ಕೋಟಿ. ಐಪಿಎಲ್ ಹರಾಜಿನ ಪರ್ಸ್ ಇದೆ ಅಲ್ವಾ, ಹಾಗೆ. ತಂಡದಲ್ಲಿ ಹೆಚ್ಚೆಂದರೆ 23 ಜನ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನಿಗೆ ಕಡಿತ.

ಹಾಗಾಗಿ ಎರಡನೇ ಹೆಜ್ಜೆ ಡ್ರಾಫ್ಟ್. ನನ್ನ ಮಟ್ಟಿಗೆ ಈ ಕೆಲಸದ ಜೀವ ಇರುವುದೇ ಇಲ್ಲಿ. ಇದರಲ್ಲಿ ಹರಾಜಿಲ್ಲ. ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಏಳು ಸುತ್ತುಗಳಲ್ಲಿ ಆರಿಸುತ್ತವೆ. ಮೊದಲ ಕೆಲವು ಹೆಸರುಗಳು ಎಲ್ಲರಿಗೂ ಗೊತ್ತಿರುತ್ತವೆ. ಉಳಿದದ್ದು ಪ್ರತಿಭೆ ಹುಡುಕುತ್ತಾ ಊರೂರು ಸುತ್ತುವ ಸ್ಕೌಟ್‌ಗಳ ಕಣ್ಣು, ಮತ್ತು ಆ ಕಣ್ಣನ್ನು ನಂಬುವ ಮ್ಯಾನೇಜರ್‌ನ ಧೈರ್ಯ. ಸ್ಟೀವ್ ಐಸರ್‌ಮನ್ 2010ರಲ್ಲಿ ಟ್ಯಾಂಪಾದ ಮ್ಯಾನೇಜರ್ ಆದರು. 2011ರಲ್ಲಿ 58ನೆಯವನಾಗಿ ನಿಕಿತಾ ಕುಚೆರೊವ್‌ನನ್ನು, 208ನೆಯವನಾಗಿ ಒಂಡ್ರೆ ಪಲಾಟ್‌ನನ್ನು ಆರಿಸಿದರು. 2014ರಲ್ಲಿ ಬ್ರೇಡನ್ ಪಾಯಿಂಟ್ ಸಿಕ್ಕಿದ್ದು 79ನೇ ಸ್ಥಾನದಲ್ಲಿ. ಅಷ್ಟು ಹೊತ್ತಿಗೆ ಉಳಿದ ತಂಡಗಳೆಲ್ಲ ಇವರನ್ನು ದಾಟಿ ಹೋಗಿದ್ದವು! ಕುಚೆರೊವ್ 2019ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಾದ.

ಆರಿಸಿದ ಮೇಲೆ ಕಾಯಬೇಕು. ಹುಡುಗರು ಕೆಳಗಿನ ಎಎಚ್‌ಎಲ್ ಲೀಗ್‌ನಲ್ಲಿ ಪಳಗುತ್ತಾರೆ. ಕೋಚ್ ಜಾನ್ ಕೂಪರ್ ಕೂಡ ಅಲ್ಲಿಂದಲೇ 2013ರಲ್ಲಿ ಮೇಲೆ ಬಂದವರು.

ಕಾಯುವುದು ಸುಲಭವಲ್ಲ. 2018-19ರಲ್ಲಿ ಟ್ಯಾಂಪಾ 82ರಲ್ಲಿ 62 ಪಂದ್ಯ ಗೆದ್ದಿತು. ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತು ಮನೆಗೆ ಹೋಯಿತು. ಆಗ ಮ್ಯಾನೇಜರ್ ಆಗಿದ್ದವರು ಜೂಲಿಯನ್ ಬ್ರೀಸ್‌ಬ್ವಾ. ಇಂಥ ಹೊತ್ತಲ್ಲಿ ಕೋಚ್‌ನನ್ನು ತೆಗೆದು ಕೈ ತೊಳೆದುಕೊಳ್ಳುವುದು ಸುಲಭದ ದಾರಿ. ಅವರು ಕೂಪರ್‌ರನ್ನು ಉಳಿಸಿಕೊಂಡರು.

ನಾಲ್ಕನೆಯದು ಟ್ರೇಡ್, ಅಂದರೆ ತಂಡಗಳ ನಡುವಿನ ಕೊಡು-ಕೊಳ್ಳುವಿಕೆ. ತಂಡಕ್ಕೆ ಕೊರತೆ ಇದ್ದದ್ದು ತಾರೆಗಳದ್ದಲ್ಲ, ಮೈಮುರಿದು ಆಡುವವರದ್ದು. 2020ರ ಫೆಬ್ರವರಿಯಲ್ಲಿ ಬ್ರೀಸ್‌ಬ್ವಾ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆರಿಸುವ ಎರಡು ಸರದಿಗಳನ್ನು ಬಿಟ್ಟುಕೊಟ್ಟು ಬ್ಲೇಕ್ ಕೋಲ್ಮನ್, ಬಾರ್ಕ್ಲಿ ಗುಡ್ರೋ ಇಬ್ಬರನ್ನೂ ತಂದರು. ಬೆಲೆ ಜಾಸ್ತಿ ಅನ್ನಿಸಬಹುದು. ಆದರೆ ಇಬ್ಬರ ಸಂಬಳವೂ ಕಡಿಮೆ, ಒಪ್ಪಂದ ಇನ್ನೂ ಒಂದು ವರ್ಷ ಬಾಕಿ ಇತ್ತು. ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ 2020, 2021 ಎರಡೂ ವರ್ಷ ಲೀಗ್‌ನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಟ್ಯಾಂಪಾಗೇ ಬಂತು. ಆಮೇಲೆ ಇಬ್ಬರೂ ಬೇರೆ ತಂಡಗಳಿಗೆ ಹೋದರು.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು: ಬಿಟ್ಟುಕೊಡುವುದು. ಕಪ್ ಗೆದ್ದ ಮೇಲೆ ಎಲ್ಲರ ಬೆಲೆಯೂ ಏರುತ್ತದೆ, ಕ್ಯಾಪ್ ಅಷ್ಟು ಏರುವುದಿಲ್ಲ. 2008ರ ಡ್ರಾಫ್ಟ್‌ನ ಮೊದಲ ಆಯ್ಕೆ, ನಾಯಕ ಸ್ಟೀವನ್ ಸ್ಟ್ಯಾಮ್‌ಕೋಸ್ ಟ್ಯಾಂಪಾದಲ್ಲಿ 16 ಸೀಸನ್ ಆಡಿದ್ದರು. 2024ರಲ್ಲಿ ಒಪ್ಪಂದ ಮುಗಿದಾಗ ಇಬ್ಬರ ಮಾತೂ ಕೂಡಲಿಲ್ಲ. ಜುಲೈ 1ರಂದು ಅವರು ನ್ಯಾಶ್‌ವಿಲ್ ತಂಡ ಸೇರಿದರು. ಅದೇ ದಿನ ಟ್ಯಾಂಪಾ ಅವರಿಗಿಂತ ಚಿಕ್ಕ ವಯಸ್ಸಿನ ಜೇಕ್ ಗೆಂಟ್ಸೆಲ್ ಜೊತೆ ಏಳು ವರ್ಷದ ಒಪ್ಪಂದ ಮಾಡಿಕೊಂಡಿತು. ಅಕ್ಟೋಬರ್‌ನಲ್ಲಿ ಸ್ಟ್ಯಾಮ್‌ಕೋಸ್ ಎದುರಾಳಿಯ ಜೆರ್ಸಿ ತೊಟ್ಟು ಟ್ಯಾಂಪಾಗೆ ಬಂದಾಗ ಇಡೀ ಅಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.