ಹಳೇ ಜಿಪ್ಸಿಗೆ ಲಿಫ್ಟ್: ಎಲ್ಲಿ ದುಡ್ಡು ಹಾಕಿದೆ, ಎಲ್ಲಿ ಕೈ ಬಿಗಿ ಹಿಡಿದೆ

ನನ್ನದು 2004ರ ಮಾರುತಿ ಜಿಪ್ಸಿ ಕಿಂಗ್. ಓಡಾಟ ಹೆಚ್ಚೆಲ್ಲ ಮೂಡಿಗೆರೆ ಕಡೆಯ ತೋಟದ ದಾರಿಯಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಟ್ರ್ಯಾಕ್ಟರ್ ಚಕ್ರದ ಕೊರಕಲು ಆಳವಾಗಿರುತ್ತದೆ, ನಡುವಿನ ದಿಬ್ಬ ಎದ್ದು ನಿಂತಿರುತ್ತದೆ. ಗಾಡಿ ಹೋದರೆ ತಳ ಉಜ್ಜುತ್ತದೆ. "ಲಿಫ್ಟ್ ಮಾಡಿಸಿಬಿಡಿ, ಗಾಡಿ ಎತ್ತರ ಆಗುತ್ತೆ" ಅಂತ ಸಿಕ್ಕಿದವರೆಲ್ಲ ಹೇಳುತ್ತಿದ್ದರು. ಉಜ್ಜುತ್ತಿರುವುದು ಯಾವ ಭಾಗ ಅಂತ ಮಾತ್ರ ಯಾರೂ ಬಗ್ಗಿ ನೋಡಿರಲಿಲ್ಲ.

ನಾನು ಮೊದಲು ಗಾಡಿಯಡಿ ನುಗ್ಗಿ ನೋಡಿದೆ. ಹಿಂದಿನ ಆಕ್ಸಲ್ (ಎರಡು ಚಕ್ರ ಸೇರಿಸುವ ಅಚ್ಚು) ನಡುವಿನ ಗೇರಿನ ಉಬ್ಬು ಗೂಡು, ಅಂದರೆ ಡಿಫರೆನ್ಷಿಯಲ್ ಹೌಸಿಂಗ್‌ನ ಕೆಳಗೆ ಪೇಂಟ್ ಪೂರ್ತಿ ಹೋಗಿ ಕಬ್ಬಿಣ ಮಿರುಗುತ್ತಿತ್ತು. ಚಾಸಿಯ ಮೇಲೆ ಅಲ್ಲೊಂದು ಇಲ್ಲೊಂದು ಗೀರು, ಅಷ್ಟೇ. ಇಷ್ಟು ನೋಡಿದ ಮೇಲೆ ಬಜೆಟ್ಟಿನ ಲೆಕ್ಕವೇ ಬದಲಾಯಿತು. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್, ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಕಟ್ಟಿದ ಬಾಗಿದ ಉಕ್ಕಿನ ಪ್ಲೇಟ್). ಸ್ಪ್ರಿಂಗ್ ಎತ್ತರ ಮಾಡಿದರೆ ಬಾಡಿ, ಚಾಸಿ ಮೇಲೇರುತ್ತವೆ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರ್ ಮಾತ್ರ.

ಹಾಗಾಗಿ ಟೈರ್ ಮೊದಲು ತೀರ್ಮಾನವಾಯಿತು. ಮೂಲ ಅಳತೆ 205/70 ಆರ್15, ಅಂದರೆ ಸುಮಾರು 668 ಮಿ.ಮೀ. ಎತ್ತರ. 215/75 ಹಾಕಿದರೆ 703 ಮಿ.ಮೀ. ಆಗುತ್ತದೆ. ಹೆಚ್ಚಿದ ಎತ್ತರದಲ್ಲಿ ಅರ್ಧ, ಹೆಚ್ಚುಕಡಿಮೆ 18 ಮಿ.ಮೀ., ಡಿಫರೆನ್ಷಿಯಲ್ ಕೆಳಗೆ ಸಿಗುತ್ತದೆ. 235/75 ಹಾಕಿದರೆ 33 ಮಿ.ಮೀ. ಸಿಗುತ್ತಿತ್ತು, ಆಸೆ ಇತ್ತು. ಆದರೆ ಟೈರ್ ಹತ್ತು ಪರ್ಸೆಂಟ್ ದೊಡ್ಡದಾದರೆ ಗೇರಿಂಗ್ ಅಷ್ಟೇ ಉದ್ದವಾಗುತ್ತದೆ, ಅಂದರೆ ಚಕ್ರಕ್ಕೆ ಸಿಗುವ ಎಳೆತ ಕಮ್ಮಿಯಾಗುತ್ತದೆ. 1.3 ಲೀಟರ್ ಪೆಟ್ರೋಲ್ ಎಂಜಿನ್ ಏರಿನಲ್ಲಿ ಉಸಿರು ಕಟ್ಟುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು 66ರಲ್ಲಿ ಇರುತ್ತೀರಿ. 215 ಸಾಕು ಅಂದುಕೊಂಡೆ.

ಆಮೇಲೆ ಚಾಸಿ ಉಜ್ಜದಿರಲು ಸ್ಪ್ರಿಂಗ್. ಹಳೇ ಗಾಡಿ ಲಿಫ್ಟ್ ಮಾಡಿಸುವವರಿಗೆ ನಾನು ಹೇಳುವುದು ಒಂದೇ: ಮೊದಲು ಕಳೆದುಹೋದ ಎತ್ತರ ವಾಪಸ್ ತನ್ನಿ. ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿಯಿರಿ. ನೆಲದಿಂದ ಅಳೆದರೆ ಟೈರ್ ಗಾಳಿ, ನೆಲದ ಓರೆ ಎಲ್ಲ ಸೇರಿ ಸುಳ್ಳು ಲೆಕ್ಕ ಬರುತ್ತದೆ. ನನ್ನ ಗಾಡಿಯಲ್ಲಿ ಡ್ರೈವರ್ ಕಡೆ ಹಿಂಭಾಗ ಎಡಕ್ಕಿಂತ ಒಂದು ಬೆರಳು ಕೆಳಗೆ ಕೂತಿತ್ತು. ಚಾಸಿ ತಗ್ಗಿದ್ದು ಮುಕ್ಕಾಲು ಪಾಲು ಸ್ಪ್ರಿಂಗ್ ಸೋತಿದ್ದರಿಂದಲೇ.

ಹಾಸನದ ಒಂದು ಲೀಫ್ ಸ್ಪ್ರಿಂಗ್ ಅಂಗಡಿಗೆ ಹೋದೆ. ಯಜಮಾನರು ಲಾರಿ ಪ್ಲೇಟ್ ಕಟ್ಟಿ ಕಟ್ಟಿ ಕೈ ಪಳಗಿದವರು.

"ಸಾರ್, ಎರಡು ಪ್ಲೇಟ್ ಎಕ್ಸ್‌ಟ್ರಾ ಹಾಕ್ತೀನಿ. ಲಾರಿ ತರ ನಿಲ್ಲುತ್ತೆ ನೋಡಿ."

"ಅಣ್ಣ, ಲಾರಿ ತರ ನಿಂತ್ರೆ ನನ್ನ ಸೊಂಟ ಉಳಿಯಲ್ಲ."

ಅವರು ನಕ್ಕರು, ಆದರೆ ಮಾತು ಬಿಡಲಿಲ್ಲ. ನಾನೂ ಒಪ್ಪಲಿಲ್ಲ. ಒಂದು ಟನ್ ಆಸುಪಾಸಿನ ಖಾಲಿ ಗಾಡಿ ಇದು. ಪ್ಲೇಟ್ ಹೆಚ್ಚಿದಷ್ಟೂ ಬಿಗಿ. ಹಳ್ಳದಲ್ಲಿ ಚಕ್ರ ಕೆಳಗಿಳಿಯದೆ ಗಾಳಿಯಲ್ಲಿ ನಿಂತರೆ ಎತ್ತರ ಇದ್ದು ಪ್ರಯೋಜನ ಏನು? ಹಳೇ ಪ್ಲೇಟನ್ನೇ ಬಡಿದು ಬಾಗು ಕೊಡಿಸುವ ದಾರಿಯೂ ಇದೆ, ಅಗ್ಗವೂ ಹೌದು. ಆದರೆ ಕಾಯಿಸಿ ಹದ ಮಾಡದೆ ಸುಮ್ನೆ ಬಡಿದದ್ದು ಬೇಗ ಮತ್ತೆ ಕೂರುತ್ತದೆ.

ಇನ್ನು ಉದ್ದ ಶ್ಯಾಕಲ್, ಅಂದರೆ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ. ಎಲ್ಲಕ್ಕಿಂತ ಅಗ್ಗದ ಲಿಫ್ಟ್ ಅಂದರೆ ಇದೇ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏರುವುದು ಒಂದೇ ಇಂಚು. ಜಿಪ್ಸಿಯಲ್ಲಿ ಮುಂದಿನ ಸ್ಪ್ರಿಂಗ್‌ನ ಶ್ಯಾಕಲ್ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದರೆ ಆಕ್ಸಲ್ ಮುಂದಕ್ಕೆ ಮಗುಚಿ ಕ್ಯಾಸ್ಟರ್ (ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿದ ಓರೆ) ಕಮ್ಮಿಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಹೈವೇಯಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ. ಆಕ್ಸಲ್ ಅಡಿಗೆ ವೆಜ್ (ಓರೆ ತುಂಡು) ಇಟ್ಟು ಸರಿ ಮಾಡಬಹುದು. ಅಲ್ಲಿಗೆ ಅಗ್ಗದ ಮಾತು ಮುಗಿಯಿತು, ಅಲ್ವಾ? ಆಕ್ಸಲ್ ಕೆಳಗಿರುವ ಸ್ಪ್ರಿಂಗನ್ನು ಅದರ ಮೇಲೆ ಕೂರಿಸುವ ಕೆಲಸದ ಬಗ್ಗೆ ನಾನು ಯೋಚಿಸಲೇ ಇಲ್ಲ. ಐದು ಇಂಚಿನಷ್ಟು ಏರುತ್ತದೆ ನಿಜ, ಆದರೆ ಸ್ಟೇರಿಂಗ್ ರಾಡ್, ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲದಕ್ಕೂ ಕೈ ಹಾಕಬೇಕು.

ಕೊನೆಗೆ ಕೊಂಡದ್ದು ಹೊಸ ಲೀಫ್ ಸೆಟ್, ಒಂದೂವರೆ ಇಂಚು ಏರುವಷ್ಟು ಬಾಗು ಇರುವುದು. ಶ್ಯಾಕಲ್ ಮೂಲ ಅಳತೆಯದೇ, ಹೊಸದು. ಬುಶ್ (ಕೀಲಿನೊಳಗೆ ಕೂರುವ ಬಳೆ) ರಬ್ಬರ್‌ದು. ಪಾಲಿಯುರಿಥೇನ್ ಬುಶ್ ಬಾಳಿಕೆ ಬರುತ್ತದೆ ಅಂತಾರೆ, ಆದರೆ ಗ್ರೀಸ್ ಒಣಗಿದರೆ ಅದರ ಕಿರಿಕಿರಿ ಸದ್ದು ನನಗೆ ಆಗಲ್ಲ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯೂ-ಬೋಲ್ಟ್ ಮಾತ್ರ ಹಳೆಯದನ್ನು ವಾಪಸ್ ಹಾಕಬೇಡಿ. ಒಮ್ಮೆ ಬಿಗಿದು ಎಳೆದ ಬೋಲ್ಟ್ ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡದ್ದು ಶಾಕ್ ಅಬ್ಸಾರ್ಬರ್. ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ "ಲಿಫ್ಟ್ ಶಾಕ್" ಅಂತ ಕೇಳಿದರೆ ಏನಾದರೊಂದು ಕೈಗಿಡುತ್ತಾರೆ. ಅಳತೆ ಇಲ್ಲದೆ ಹೋಗಬಾರದು. ಹಾಗಾಗಿ ಹೊಸ ಸ್ಪ್ರಿಂಗ್ ಕೂರಿಸಿ, ಹಳೇ ಶಾಕ್ ಬಿಚ್ಚಿಟ್ಟು, ಚಾಸಿಗೆ ಜಾಕ್ ಕೊಟ್ಟು ಚಕ್ರವನ್ನು ಪೂರ್ತಿ ಜೋತು ಬಿಟ್ಟೆ. ಮೇಲಿನ ಮೌಂಟ್‌ನಿಂದ ಕೆಳಗಿನ ಮೌಂಟ್‌ಗೆ ಎಷ್ಟು ಅಂತ ಬರೆದುಕೊಂಡೆ. ಆಮೇಲೆ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಬಿಟ್ಟು, ಆಕ್ಸಲ್ ಅಡಿಗೆ ಜಾಕ್ ಕೊಟ್ಟು, ಬಂಪ್ ಸ್ಟಾಪ್ (ಆಕ್ಸಲ್ ಮೇಲೆ ಬಂದಾಗ ತಾಗುವ ರಬ್ಬರ್) ಮುಟ್ಟುವ ತನಕ ಎತ್ತಿ ಮತ್ತೆ ಅಳೆದೆ. ಹೊಸ ಶಾಕ್ ಪೂರ್ತಿ ಚಾಚಿದಾಗ ಮೊದಲ ಅಳತೆಗಿಂತ ಉದ್ದ ಇರಬೇಕು, ಇಲ್ಲವಾದರೆ ಪ್ರತಿ ಹಳ್ಳದಲ್ಲೂ ಚಕ್ರದ ಭಾರಕ್ಕೆ ಅದೇ ಜಗ್ಗುತ್ತದೆ. ಪೂರ್ತಿ ಮಡಚಿದಾಗ ಎರಡನೇ ಅಳತೆಗಿಂತ ಗಿಡ್ಡ ಇರಬೇಕು. ಇಲ್ಲವಾದರೆ ರಬ್ಬರ್ ಸ್ಟಾಪ್ ತಿನ್ನಬೇಕಾದ ಏಟನ್ನು ಶಾಕ್ ತಿಂದು ಸೀಲ್ ಒಡೆಯುತ್ತದೆ. ಈ ಚೀಟಿ ಹಿಡಿದು ಹೋದರೆ ಆಮದು ಮಾಲೇ ಬೇಕಂತಿಲ್ಲ. ಮೌಂಟ್ ಹೊಂದುವ ಇಲ್ಲಿಯದೇ ಶಾಕ್ ಒಂದೂವರೆ ಇಂಚಿನ ಲಿಫ್ಟಿಗೆ ಸಾಕು.

ಜೋತು ಬಿಟ್ಟಾಗಲೇ ಇನ್ನೊಂದು ನೋಡಿಕೊಳ್ಳಿ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಬಿಗಿಯಾಗುತ್ತದಾ ಅಂತ. ನನ್ನದರಲ್ಲಿ ಸಡಿಲ ಉಳಿದಿತ್ತು, ಹಾಗೇ ಬಿಟ್ಟೆ. ಹಿಂದಿನ ಆಕ್ಸಲ್‌ಗೆ ಸೇರಿದ ಲೋಡ್ ಸೆನ್ಸಿಂಗ್ ಬ್ರೇಕ್ ವಾಲ್ವ್ ಇರುವ ಗಾಡಿಯಾದರೆ ಅದನ್ನೂ ಹೊಂದಿಸಬೇಕು. ಹಿಂಭಾಗ ಏರಿದ್ದನ್ನು ಅದು "ಗಾಡಿ ಖಾಲಿ ಇದೆ" ಅಂತ ಓದಿ ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತದೆ.

ಶ್ಯಾಕಲ್ ಬೋಲ್ಟ್ ಕೊನೆಯ ಬಿಗಿತ ಕೊಡಬೇಕಾದದ್ದು ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆ. ಜಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ಬುಶ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಗ್ಯಾರೇಜಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿ, ಪಕ್ಕದಲ್ಲೇ ನಿಂತು ನೋಡಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರದಿಂದ ಗಾಡಿಯನ್ನು ಬದಲಿಸುವುದಕ್ಕೆ ಕಡಿವಾಣ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿಯೇ ಹೇಳಿತು. ಕಣ್ಣಿಗೆ ಹೊಡೆಯುವ ಲಿಫ್ಟ್‌ಗೆ ನಾನು ಹೋಗದಿರಲು ಇದೂ ಒಂದು ಕಾರಣ. ನಿಮ್ಮ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ಹೊಸ ಸ್ಪ್ರಿಂಗ್ ಮೊದಲ ಕೆಲವು ವಾರ ಸ್ವಲ್ಪ ಕೂರುತ್ತದೆ, ಗಾಬರಿ ಬೇಡ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಯೂ-ಬೋಲ್ಟ್ ಮತ್ತೆ ಬಿಗಿಸಿ, ಹಬ್‌ನಿಂದ ಇನ್ನೊಮ್ಮೆ ಅಳೆಯಿರಿ. ಹೆಡ್‌ಲೈಟ್ ಕೆಳಗಿಳಿಸಿಕೊಳ್ಳುವುದನ್ನೂ ಅದೇ ದಿನ ಮುಗಿಸಿಬಿಡಿ, ಎದುರಿನವರ ಕಣ್ಣಿಗೆ ಬಿದ್ದು ಬೈಸಿಕೊಳ್ಳುವ ಮುಂಚೆ.